ಕಾವಲಿನವರನ್ನೇ ಹಿಡಿದ ವೈರಾಣು

ಏಡ್ಸ್ ರೋಗದ ಚರಿತ್ರೆ ಬರೆದವರೆಲ್ಲ ಸಾಮಾನ್ಯವಾಗಿ 1981ರ ಜೂನ್ 5ರಿಂದ ಆರಂಭಿಸುತ್ತಾರೆ. ಅಮೆರಿಕದ ಲಾಸ್ ಏಂಜಲಿಸ್ ನಗರದ ಐವರು ತರುಣರಿಗೆ ಅಪರೂಪದ ನ್ಯುಮೋನಿಯಾ ತಗುಲಿದೆಯೆಂಬ ಸರ್ಕಾರಿ ವರದಿ ಅಂದು ಪ್ರಕಟವಾಯಿತು. ಐವರೂ ಗಂಡಸರು. ಅಂದಿನಿಂದ ಇದು ಗಂಡಸರ ರೋಗವೆಂಬ ಭಾವನೆ ವೈದ್ಯಲೋಕದಲ್ಲಿ ಬೇರೂರಿತು. 1983ರ ಜನವರಿಯಲ್ಲಿ, ರೋಗಿಗಳ ಸಂಗಾತಿಗಳಾಗಿದ್ದ ಇಬ್ಬರು ಹೆಂಗಸರಲ್ಲೂ ಅದೇ ಲಕ್ಷಣಗಳು ಕಂಡವೆಂಬ ವರದಿ ಬಂದರೂ ಆ ಭಾವನೆ ಸುಲಭವಾಗಿ ಅಳಿಯಲಿಲ್ಲ. ಅದೇ ವರ್ಷ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ವೈರಾಣುವನ್ನು ಬೇರ್ಪಡಿಸಿ ತೋರಿಸಿದವರಲ್ಲಿ ಮುಖ್ಯರಾದವರು ಒಬ್ಬ ಮಹಿಳೆ, ಫ್ರಾಂಸ್ವಾಸ್ ಬಾರೆ-ಸಿನೂಸಿ. ಆದರೂ ಈ ವೈರಾಣು ಹೆಂಗಸಿನ ದೇಹವನ್ನು ಹೇಗೆ ಹೊಗುತ್ತದೆ, ಹೊಕ್ಕ ಗಳಿಗೆಯಲ್ಲಿ ಅಲ್ಲಿಯ ಜೀವಕೋಶಗಳು ಏನು ಮಾಡುತ್ತವೆ ಎಂಬ ಪ್ರಶ್ನೆಗೆ ತಕ್ಕಮಟ್ಟಿನ ಉತ್ತರ ಸಿಗಲು ಇನ್ನೂ ಇಪ್ಪತ್ತೈದು ವರ್ಷ ಬೇಕಾಯಿತು. ಆ ವರ್ಷಗಳ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇವೆ.

ವಿಷಯ ತುಸು ಮುಜುಗರದ್ದು. ನಮ್ಮ ಪತ್ರಿಕೆ ಅಜ್ಜಿಯಿಂದ ಹಿಡಿದು ಕಾಲೇಜಿಗೆ ಹೋಗುವ ಮೊಮ್ಮಗಳವರೆಗೆ ಎಲ್ಲರ ಕೈಗೂ ಹೋಗುವಂಥದು. ಆದರೆ ಯೋನಿ, ಗರ್ಭಕೊರಳು ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಹೇಳಿದರೆ ವಿಜ್ಞಾನ, ಕನ್ನಡದಲ್ಲಿ ಹೇಳಿದರೆ ಅಸಭ್ಯ ಎಂಬ ಲೆಕ್ಕಾಚಾರ ನಮಗಂತೂ ಒಪ್ಪಿಗೆಯಿಲ್ಲ. ಡಾಕ್ಟರ ಮುಂದೆ ಹೇಳಿಕೊಳ್ಳಲು ಮಾತು ಸಿಗದೆ ಕಾಯಿಲೆಯನ್ನು ಒಡಲಲ್ಲೇ ಇಟ್ಟುಕೊಂಡು ಸವೆದ ತಾಯಂದಿರು ಎಷ್ಟೋ ಮಂದಿ. ಆದಕಾರಣ ಕನ್ನಡದಲ್ಲೇ ಬರೆಯುತ್ತೇವೆ, ಹಿರಿಯರು ಕ್ಷಮಿಸಬೇಕು.

ಭಾರತದಲ್ಲಿ ಈ ವೈರಾಣುವನ್ನು ಮೊದಲು ಪತ್ತೆಹಚ್ಚಿದವರೂ ಇಬ್ಬರು ಮಹಿಳೆಯರೇ. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಸುನೀತಿ ಸಾಲೊಮನ್ ಅವರು ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಪ್ರಬಂಧಕ್ಕಾಗಿ ಕೊಟ್ಟ ವಿಷಯ ಅದು. ಅಂಥ ರೋಗ ನಮ್ಮ ದೇಶಕ್ಕೆ ಬರುವುದೇ ಇಲ್ಲ, ಅದೆಲ್ಲ ಪರದೇಶದವರ ನಡತೆಗೆ ತಕ್ಕ ರೋಗ ಎಂದು ದೊಡ್ಡವರೆಲ್ಲ ಹೇಳುತ್ತಿದ್ದ ಕಾಲ. ನಿರ್ಮಲಾ ಅವರು ಲೈಂಗಿಕ ವೃತ್ತಿಯ ಹೆಂಗಸರಿಂದ ಎಂಬತ್ತಕ್ಕೂ ಹೆಚ್ಚು ರಕ್ತದ ಮಾದರಿ ಸಂಗ್ರಹಿಸಿ, ಮನೆಯ ಫ್ರಿಜ್ಜಿನಲ್ಲಿಟ್ಟು, 1986ರ ಫೆಬ್ರವರಿಯಲ್ಲಿ ಪತಿಯೊಡನೆ ರಾತ್ರಿಯ ರೈಲಿನಲ್ಲಿ ಕಾಟ್ಪಾಡಿಗೆ ಹೋಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷೆ ಮಾಡಿಸಿದರು. ಆರು ಮಾದರಿಗಳು ಹಳದಿ ಬಣ್ಣಕ್ಕೆ ತಿರುಗಿದವು. ಸುನೀತಿಯವರು 2015ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಸ್ಮರಿಸಿದವು. ಆ ಆರು ಹೆಂಗಸರು ಏನಾದರೆಂದು ಕೇಳಿದವರು ಕಡಿಮೆ.

ನಾವಿರುವ ಈ ಪುಣೆಗೂ ಈ ಚರಿತ್ರೆಯಲ್ಲಿ ಒಂದು ಅಧ್ಯಾಯವಿದೆ. 1992ರಲ್ಲಿ ಭೋಸರಿಯಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ ಆರಂಭವಾಯಿತು. ಅಲ್ಲಿಯ ಡಾ. ರಮಣ್ ಗಂಗಾಖೇಡ್ಕರ್ ಮತ್ತು ಸಂಗಡಿಗರು 1993ರಿಂದ 1996ರವರೆಗೆ ನಗರದ ಗುಹ್ಯರೋಗ ಚಿಕಿತ್ಸಾಲಯಗಳಿಗೆ ಬಂದ 916 ಹೆಂಗಸರನ್ನು ಪರೀಕ್ಷಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವರಲ್ಲಿ 391 ಮಂದಿ ಲೈಂಗಿಕ ವೃತ್ತಿಗೆ ಸೇರದವರು. ಹೆಚ್ಚಿನವರು ಗೃಹಿಣಿಯರು, ಗಂಡನ ಹೊರತು ಬೇರೊಬ್ಬರನ್ನು ಕಾಣದವರು. ಈ ಗುಂಪಿನಲ್ಲೂ ನೂರಕ್ಕೆ 13.6 ಮಂದಿಗೆ ಸೋಂಕು ತಗುಲಿತ್ತು. ಇದು ಚಿಕಿತ್ಸಾಲಯಕ್ಕೆ ಬಂದವರ ಲೆಕ್ಕ, ಇಡೀ ಊರಿನ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು. ಆದರೂ ‘ಒಳ್ಳೆಯ ಮನೆತನದ ಹೆಂಗಸರಿಗೆ ಇದು ಬಾರದು’ ಎಂಬ ಮಾತು ಅಂದಿಗೇ ಸುಳ್ಳಾಯಿತು. ನಾವು ಬಲ್ಲ ಒಂದು ಕುಟುಂಬದಲ್ಲಿ ಗಂಡ ತೀರಿಕೊಂಡ ಮೇಲೆ ಸೊಸೆಯ ತಟ್ಟೆ-ಲೋಟ ಬೇರೆ ಇಟ್ಟು, ಮಗನಿಗೆ ರೋಗ ತಂದವಳು ಇವಳೇ ಎಂದು ಊರಿಗೆ ಕಳುಹಿಸಿಕೊಟ್ಟರು. ಆಕೆಗೆ ಆಗ ಇಪ್ಪತ್ತಾರು ವರ್ಷ. ಅಂಥ ಆರೋಪ ಹೊರಿಸುವವರು ಮುಂದಿನ ನಾಲ್ಕು ಪ್ಯಾರಾಗಳನ್ನಾದರೂ ನಿಧಾನವಾಗಿ ಓದಬೇಕೆಂದು ನಮ್ಮ ವಿನಂತಿ.

ಮೊದಲು ಕೋಟೆಯ ನಕ್ಷೆ ನೋಡೋಣ. ಯೋನಿಯ ಒಳಗೋಡೆ ಒಂದರ ಮೇಲೊಂದು ಪೇರಿಸಿದ ಚಪ್ಪಟೆ ಜೀವಕೋಶಗಳ ಹಲವು ಪದರಗಳಿಂದ ಆದದ್ದು. ಬಿ.ಎಸ್ಸಿ. ತರಗತಿಯಲ್ಲಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಇಂಥ ಅಂಗಾಂಶದ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆಯುವಾಗ ನಮಗೆ ನೆನಪಾಗುತ್ತಿದ್ದುದು ಬಾದಾಮಿಯ ಬಂಡೆಯ ಪದರಗಳು. ಆದರೆ ಗರ್ಭಕೊರಳಿನ ಒಳಭಾಗಕ್ಕೆ ಹೋದಂತೆ ಈ ದಪ್ಪ ಗೋಡೆ ತಟ್ಟನೆ ನಿಂತು, ಕಂಬದಾಕಾರದ ಜೀವಕೋಶಗಳ ಒಂದೇ ಸಾಲು ಉಳಿಯುತ್ತದೆ. ಕೋಟೆಯ ದುರ್ಬಲ ಜಾಗ ಅದು. ವಯಸ್ಸಿಗೆ ಬಂದ ಹುಡುಗಿಯರಲ್ಲಿ ಈ ಒಂಟಿ ಸಾಲು ಹೊರಭಾಗಕ್ಕೂ ಚಾಚಿಕೊಂಡಿರುತ್ತದೆ. ಎಳೆಯ ವಯಸ್ಸಿನಲ್ಲಿ ಮದುವೆಯಾದವರಿಗೆ ಅಪಾಯ ಹೆಚ್ಚೆನ್ನಲು ಇದೂ ಒಂದು ಕಾರಣ.

ಗೋಡೆಯ ಹೊರಗೆ ಕಂದಕವೂ ಉಂಟು. ಜರ್ಮನಿಯ ಸ್ತ್ರೀರೋಗತಜ್ಞ ಆಲ್ಬರ್ಟ್ ಡೋಡರ್ಲೈನ್ 1892ರಲ್ಲೇ ತೋರಿಸಿಕೊಟ್ಟಂತೆ, ಆರೋಗ್ಯವಂತ ಹೆಂಗಸಿನ ಯೋನಿಯಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಹುಳಿಯನ್ನು ಹುಟ್ಟಿಸುತ್ತವೆ. ನಮ್ಮ ಮೊಸರಿನ ಗಡಿಗೆಯಲ್ಲಿ ಕೆಲಸ ಮಾಡುವ ಲ್ಯಾಕ್ಟೋಬ್ಯಾಸಿಲಸ್ ವಂಶದವೇ ಇವು. ಈ ಹುಳಿಯಲ್ಲಿ ಅನೇಕ ರೋಗಾಣುಗಳು ಬದುಕುವುದಿಲ್ಲ. ಎಚ್.ಐ.ವಿ.ಯೂ ಸೊರಗುತ್ತದೆ. ಆದರೆ ವೀರ್ಯ ಕ್ಷಾರಗುಣದ್ದು, ಸ್ವಲ್ಪ ಹೊತ್ತು ಈ ಹುಳಿಯನ್ನು ಅಡಗಿಸಿಬಿಡುತ್ತದೆ. ಇನ್ನು ಗೋಡೆಯ ಒಳಗೆ ಕಾವಲಿನವರು. ಬರ್ಲಿನಿನಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಪಾಲ್ ಲ್ಯಾಂಗರ್‌ಹಾನ್ಸ್ 1868ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಚರ್ಮದಲ್ಲಿ ಕವಲು ಕೈಗಳ ಒಂದು ಬಗೆಯ ಜೀವಕೋಶ ಕಂಡು ಅದನ್ನು ನರಕೋಶವೆಂದು ಬಗೆದಿದ್ದ. ಅದು ನರಕೋಶವಲ್ಲ, ಗಸ್ತಿನ ಪೇದೆ. ಯೋನಿಯ ಗೋಡೆಯಲ್ಲೂ ಇದೇ ಪೇದೆಗಳಿವೆ. ಇವುಗಳ ಹಿಂದೆ ಸಿ.ಡಿ. 4 ಎಂಬ ಗುರುತು ಧರಿಸಿದ ಬಿಳಿಯ ರಕ್ತಕಣಗಳು, ಅಂದರೆ ರಕ್ಷಣಾಪಡೆಯ ದಳಪತಿಗಳು. ವೈರಾಣು ಕೈ ಹಾಕಿ ಒಳನುಗ್ಗುವ ಚಿಲಕವೇ ಈ ಸಿ.ಡಿ. 4 ಎಂಬುದು 1984ರಲ್ಲಿ ಲಂಡನ್, ಪ್ಯಾರಿಸ್‌ಗಳ ಪ್ರಯೋಗಾಲಯಗಳಿಂದ ತಿಳಿದುಬಂತು. ಸಿ.ಸಿ.ಆರ್. 5 ಎಂಬ ಎರಡನೆಯ ಚಿಲಕ 1996ರಲ್ಲಿ ತಿಳಿಯಿತು.

ಆಗಿನ ವಿಜ್ಞಾನಿಗಳ ತರ್ಕ ಸರಳವಾಗಿತ್ತು. ಗೋಡೆ ಸುಮ್ಮನೆ ನಿಂತಿರುವ ಗೋಡೆ. ಬಿರುಕು ಬಿಟ್ಟರೆ ವೈರಾಣು ನುಸುಳುತ್ತದೆ. ಬಾಗಿಲಲ್ಲೇ ಅದನ್ನು ಕೊಲ್ಲುವ ಲೇಪ ಹಚ್ಚಿದರೆ ಕೆಲಸ ಮುಗಿಯಿತು. ಲೇಪವೂ ಕೈಯಲ್ಲೇ ಇತ್ತು. ಗರ್ಭನಿರೋಧಕ್ಕೆಂದು ಔಷಧಿ ಅಂಗಡಿಗಳಲ್ಲಿ ಹಲವು ವರ್ಷಗಳಿಂದ ಮಾರಾಟವಾಗುತ್ತಿದ್ದ ನಾನಾಕ್ಸಿನಾಲ್-9 ಎಂಬ ರಾಸಾಯನಿಕ ಪ್ರನಾಳದಲ್ಲಿ ಎಚ್.ಐ.ವಿ.ಯನ್ನು ಕೊಲ್ಲುತ್ತದೆಂದು 1985ರಲ್ಲಿ ವರದಿಯಾಯಿತು. ಇದು ಗುಣದಲ್ಲಿ ಸಾಬೂನಿನ ಜಾತಿಯದು, ವೈರಾಣುವಿನ ಕೊಬ್ಬಿನ ಹೊದಿಕೆಯನ್ನು ಕರಗಿಸುತ್ತದೆ. ಗಂಡ ಒಪ್ಪಲಿ ಬಿಡಲಿ, ಹೆಂಗಸು ತಾನೇ ಬಳಸಬಹುದಾದ ರಕ್ಷಣೆ ಎಂದು ಹಲವರು ಆಸೆ ಕಟ್ಟಿಕೊಂಡರು. ನಿರೋಧ್ ಬಳಸುವುದು ಬಿಡುವುದು ಗಂಡಸಿನ ಇಚ್ಛೆಗೆ ಬಿಟ್ಟದ್ದಾಗಿರುವಾಗ ಆ ಆಸೆ ಸಹಜವೇ.

1992ರಲ್ಲಿ ನೈರೋಬಿಯಿಂದ ಮೊದಲ ಎಚ್ಚರಿಕೆ ಬಂತು. ಈ ರಾಸಾಯನಿಕ ತುಂಬಿದ ಸ್ಪಂಜು ಬಳಸಿದವರಲ್ಲಿ ಹುಣ್ಣುಗಳು ಹೆಚ್ಚಾದವು, ರಕ್ಷಣೆ ಮಾತ್ರ ಸಿಗಲಿಲ್ಲ. ಪ್ರಮಾಣ ಕಡಿಮೆ ಮಾಡಿದರೆ ಸರಿಹೋದೀತೆಂದು ಬೆನಿನ್, ಐವರಿ ಕೋಸ್ಟ್, ದಕ್ಷಿಣ ಆಫ್ರಿಕ, ಥಾಯ್‌ಲೆಂಡ್‌ಗಳಲ್ಲಿ ಲುಟ್ ವಾನ್ ಡಾಮ್ ಎಂಬ ಬೆಲ್ಜಿಯಂ ವೈದ್ಯೆಯ ನೇತೃತ್ವದಲ್ಲಿ ದೊಡ್ಡ ಪ್ರಯೋಗ ನಡೆಯಿತು. 2000ದ ಜುಲೈ ತಿಂಗಳಲ್ಲಿ ಡರ್ಬನ್ನಿನ ಸಮ್ಮೇಳನದಲ್ಲಿ ಫಲಿತಾಂಶ ಓದಿದಾಗ ಸಭೆ ಸ್ತಬ್ಧವಾಗಿದ್ದರೆ ಆಶ್ಚರ್ಯವಿಲ್ಲ. ಔಷಧಿಯ ಜೆಲ್ ಬಳಸಿದ 376 ಹೆಂಗಸರಲ್ಲಿ 59 ಮಂದಿಗೆ ಸೋಂಕು, ಬರಿಯ ಜೆಲ್ ಬಳಸಿದ 389 ಮಂದಿಯಲ್ಲಿ 45. ದಿನಕ್ಕೆ ಹೆಚ್ಚು ಸಲ ಬಳಸಿದವರಿಗೆ ಹಾನಿ ಹೆಚ್ಚು. ಸಾಬೂನಿಗೆ ವೈರಾಣುವಿನ ಹೊದಿಕೆ, ಮನುಷ್ಯನ ಜೀವಕೋಶದ ಹೊದಿಕೆ ಎಂಬ ಭೇದವಿಲ್ಲ. ಎರಡನ್ನೂ ತೊಳೆದುಹಾಕಿತು.

ಆದರೆ ಹುಣ್ಣು ಕಾಣದಿದ್ದವರಲ್ಲೂ ಸೋಂಕು ಏಕೆ ಹೆಚ್ಚಿತು? ಇಲ್ಲಿಂದ ಮುಂದೆ ಕಥೆಗೆ ನಿಜವಾದ ತಿರುವು. ಪ್ರಯೋಗಾಲಯದಲ್ಲಿ ಯೋನಿಯ ಜೀವಕೋಶಗಳನ್ನು ಬೆಳೆಸಿ ಈ ರಾಸಾಯನಿಕ ಹಾಕಿ ನೋಡಿದಾಗ, ಅವು ಸಾಯುವ ಮುನ್ನ ಉರಿಯೂತದ ಸಂದೇಶಗಳನ್ನು ಹೊರಚೆಲ್ಲುವುದು ಕಂಡಿತು. ‘ಇಲ್ಲಿ ಗಾಯವಾಗಿದೆ, ಪಡೆ ಕಳುಹಿಸಿ’ ಎಂಬ ಕೂಗು ಅದು. ಕೂಗು ಕೇಳಿ ಓಡಿಬರುವವರು ಯಾರು? ಅದೇ ಸಿ.ಡಿ. 4 ಕಣಗಳು. ಬೇರೆ ರೋಗಾಣುವಾಗಿದ್ದರೆ ಇದು ಸರಿಯಾದ ಯುದ್ಧತಂತ್ರ. ಚಿತ್ರದುರ್ಗದ ಕಿಂಡಿಯ ಬಳಿ ಓಬವ್ವ ಒನಕೆ ಹಿಡಿದು ನಿಂತ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಇಲ್ಲಿ ಅದೇ ಕಥೆ ತಿರುಗುಮುರುಗು. ಕಿಂಡಿಯ ಬಳಿ ಬಂದು ನಿಂತ ಕಾವಲಿನವರನ್ನೇ ಹಿಡಿದು, ಅವರ ಮೈಯೊಳಗೇ ಮನೆ ಮಾಡಿ, ಅವರ ಕೈಯಿಂದಲೇ ತನ್ನ ಸೈನ್ಯ ಹುಟ್ಟಿಸಿಕೊಳ್ಳುವ ವೈರಿ ಈ ಎಚ್.ಐ.ವಿ. ಕಾವಲು ಹೆಚ್ಚಿದಷ್ಟೂ ಅದಕ್ಕೆ ಸುಗ್ಗಿ.

ಇದನ್ನು ಗಟ್ಟಿಯಾಗಿ ನಿರೂಪಿಸಿದವರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆಶ್ಲಿ ಹಾಸ್ ಮತ್ತು ಸಂಗಡಿಗರು. ಎಚ್.ಐ.ವಿ.ಯ ದಾಯಾದಿಯಾದ ಮಂಗನ ವೈರಾಣುವನ್ನು ಹೆಣ್ಣು ಮಂಗಗಳಿಗೆ ತಗುಲಿಸಿ ಮೊದಲ ಕೆಲವು ದಿನ ಏನು ನಡೆಯುತ್ತದೆಂದು ನೋಡಿ 2009ರಲ್ಲಿ ಪ್ರಕಟಿಸಿದರು. ವೈರಾಣು ಮೊದಲು ಹಿಡಿಯುವುದು ಗರ್ಭಕೊರಳಿನ ಬಳಿಯ ಬೆರಳೆಣಿಕೆಯ ಜೀವಕೋಶಗಳನ್ನು ಮಾತ್ರ. ಆ ಮೂರು ನಾಲ್ಕು ದಿನ ಅದರ ಸ್ಥಿತಿ ಗಾಳಿಗಿಟ್ಟ ದೀಪದಂತೆ. ಹಿಡಿಯಲು ಕಣಗಳು ಸಿಗದಿದ್ದರೆ ಅಲ್ಲೇ ನಂದಿಹೋಗಬಹುದು. ಆದರೆ ಹೊದಿಕೆಯ ಜೀವಕೋಶಗಳೇ ಒಂದು ರಾಸಾಯನಿಕ ಸಂದೇಶ ಕಳುಹಿಸಿ ಗಸ್ತಿನ ಪಡೆಯನ್ನು ಕರೆಯುತ್ತವೆ. ಆ ಪಡೆ ಇನ್ನಷ್ಟು ಸಂದೇಶ ಕಳುಹಿಸಿ ಸಿ.ಡಿ. 4 ಕಣಗಳನ್ನು ಕರೆಯುತ್ತದೆ. ದೀಪಕ್ಕೆ ಎಣ್ಣೆ ಸುರಿದಂತಾಗುತ್ತದೆ. ಇದೇ ತಂಡ ಆಹಾರಪದಾರ್ಥ ಮತ್ತು ಸೌಂದರ್ಯಸಾಧನಗಳಲ್ಲಿ ಬಳಸುವ ಗ್ಲಿಸರಾಲ್ ಮಾನೊಲಾರೇಟ್ ಎಂಬ ಅಗ್ಗದ ವಸ್ತುವಿನಿಂದ ಈ ಕೂಗನ್ನೇ ಅಡಗಿಸಿ, ಕೆಲವೇ ಮಂಗಗಳಲ್ಲಾದರೂ, ಸೋಂಕನ್ನು ತಡೆದು ತೋರಿಸಿತು. ವೈರಿಯನ್ನು ಕೊಲ್ಲದೆ, ನಮ್ಮವರ ಗದ್ದಲ ಅಡಗಿಸಿ ರಕ್ಷಣೆ ಪಡೆಯುವ ವಿಚಾರ ಅದುವರೆಗೆ ಹೆಚ್ಚು ಮಂದಿಗೆ ಹೊಳೆದಿರಲಿಲ್ಲ.

ಮರುವರ್ಷ, 2010ರಲ್ಲಿ, ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ ಇನ್ನೊಂದು ಸುದ್ದಿ. ಚಾರು ಕೌಶಿಕ್ ಅವರ ತಂಡ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶಗಳಿಂದ ಹೊದಿಕೆಯ ಜೀವಕೋಶಗಳನ್ನು ಪಡೆದು ಗಾಜಿನ ಬಟ್ಟಲಲ್ಲಿ ಒತ್ತಾದ ಪದರವಾಗಿ ಬೆಳೆಸಿತು. ಪದರ ಎಷ್ಟು ಬಿಗಿಯಾಗಿದೆ ಎಂದು ಅಳೆಯಲು ಅದರ ಮೂಲಕ ತುಸು ವಿದ್ಯುತ್ ಹರಿಸುತ್ತಾರೆ. ಬೆಸುಗೆ ಬಿಗಿಯಿದ್ದರೆ ತಡೆ ಹೆಚ್ಚು, ಸಡಿಲವಿದ್ದರೆ ಕಡಿಮೆ. ಎಚ್.ಐ.ವಿ. ಹಾಕಿದ ಕೆಲವು ಗಂಟೆಗಳಲ್ಲೇ ತಡೆ ಇಳಿಯತೊಡಗಿತು. ವೈರಾಣು ಈ ಜೀವಕೋಶಗಳ ಒಳಗೆ ಹೊಕ್ಕಿರಲೇ ಇಲ್ಲ. ಅದರ ಹೊರಮೈಯ ಪ್ರೋಟೀನು ಸೋಕಿದ್ದಷ್ಟಕ್ಕೇ ಜೀವಕೋಶಗಳು ಗಾಬರಿಗೊಂಡು ಟಿ.ಎನ್.ಎಫ್. ಎಂಬ ಉರಿಯೂತದ ವಸ್ತುವನ್ನು ಸುರಿಸಿದವು. ಆ ವಸ್ತು ಅವುಗಳ ನಡುವಿನ ಬೆಸುಗೆಯನ್ನೇ ಸಡಿಲಿಸಿತು. ಟಿ.ಎನ್.ಎಫ್. ಅನ್ನು ತಡೆದಾಗ ಬೆಸುಗೆ ಉಳಿಯಿತು. ಅಂದರೆ ವೈರಾಣು ಬಿರುಕಿಗಾಗಿ ಕಾಯಬೇಕಾಗಿಲ್ಲ, ಬಾಗಿಲು ತಟ್ಟಿದರೆ ಗೋಡೆ ತಾನೇ ಬಿರುಕು ಬಿಡುತ್ತದೆ. ಗಾಯವಿಲ್ಲದ, ಹುಣ್ಣಿಲ್ಲದ, ಯಾವ ‘ತಪ್ಪೂ’ ಮಾಡದ ಗೃಹಿಣಿಗೆ ಸೋಂಕು ಹೇಗೆ ತಗುಲಿತೆಂಬ ಪುಣೆಯ ಪ್ರಶ್ನೆಗೆ ಒಂದು ಉತ್ತರ ಇದರಲ್ಲಿದೆ.

ಈ ಜ್ಞಾನ ಸ್ವಲ್ಪ ಮೊದಲೇ ಬಂದಿದ್ದರೆ ನಮ್ಮ ಊರಿನ ಕಡೆಯ ಒಂದು ಪ್ರಯೋಗ ಬೇರೆ ರೀತಿ ನಡೆಯುತ್ತಿತ್ತೇನೋ. ನಮ್ಮ ಸಂಘದ ಎಷ್ಟೋ ಕುಟುಂಬಗಳ ಬೇರು ಬಾಗಲಕೋಟೆ, ವಿಜಾಪುರದ ಕಡೆಯದು. ಆದರೆ ಸೆಲ್ಯುಲೋಸ್ ಸಲ್ಫೇಟ್ ಎಂಬ ಜೆಲ್ಲಿನ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಬೆನಿನ್, ಉಗಾಂಡ, ದಕ್ಷಿಣ ಆಫ್ರಿಕಗಳ ಜೊತೆ ಚೆನ್ನೈ ಮತ್ತು ನಮ್ಮ ಬಾಗಲಕೋಟೆಯ ಹೆಂಗಸರೂ ಪಾಲ್ಗೊಂಡಿದ್ದರೆಂಬುದು ಬಾಗಲಕೋಟೆಯವರಿಗೇ ಹೆಚ್ಚಾಗಿ ಗೊತ್ತಿಲ್ಲ. ಈ ಜೆಲ್ ಸಾಬೂನಿನ ಜಾತಿಯದಲ್ಲ, ವೈರಾಣುವಿಗೆ ಅಂಟಿಕೊಂಡು ಅದರ ಕೈ ಕಟ್ಟಿಹಾಕುವಂಥದು. ಅಪಾಯವಿಲ್ಲವೆಂದೇ ಎಲ್ಲರ ನಂಬಿಕೆ. 2007ರ ಜನವರಿಯಲ್ಲಿ ಪ್ರಯೋಗವನ್ನು ತಟ್ಟನೆ ನಿಲ್ಲಿಸಬೇಕಾಯಿತು. 1398 ಮಂದಿಯಲ್ಲಿ ಹೊಸದಾಗಿ 41 ಸೋಂಕು, ಅದರಲ್ಲಿ 25 ಜೆಲ್ ಬಳಸಿದವರಲ್ಲಿ, 16 ಇನ್ನೊಂದು ಗುಂಪಿನಲ್ಲಿ. ಈ ವ್ಯತ್ಯಾಸ ಅಕಸ್ಮಾತ್ತಾಗಿಯೂ ಬಂದಿರಬಹುದೆಂದು ಸಂಖ್ಯಾಶಾಸ್ತ್ರ ಹೇಳಿತು. ಆದರೆ 2009ರಲ್ಲಿ ಪ್ರಯೋಗಾಲಯದ ಪರೀಕ್ಷೆಗಳು, ಸೆಲ್ಯುಲೋಸ್ ಸಲ್ಫೇಟ್ ಆ ಬಿಗಿ ಬೆಸುಗೆಗಳನ್ನೇ ಸಡಿಲಿಸುತ್ತದೆಂದು ತೋರಿಸಿದವು. ಜೀವಕೋಶಗಳನ್ನು ಮೊದಲು ಕೇಳದೆ ಹೆಂಗಸರ ಮೇಲೆ ಪ್ರಯೋಗಕ್ಕೆ ಹೊರಟ ಅವಸರವನ್ನು ನಾವು ಮೆಚ್ಚಲಾರೆವು. ಪ್ರಯೋಗ ನಡೆಸಿದವರ ಸದುದ್ದೇಶದಲ್ಲಿ ನಮಗೆ ಸಂಶಯವಿಲ್ಲ, ಅಪಾಯ ಕಂಡೊಡನೆ ನಿಲ್ಲಿಸಿ ಲೆಕ್ಕ ಬಯಲಿಗಿಟ್ಟದ್ದೂ ನಿಜ.

ಬಾಗಲಕೋಟೆಗೂ ನೈರೋಬಿಗೂ ಇನ್ನೊಂದು ನಂಟಿದೆ. ನೈರೋಬಿಯ ಪುಮ್ವಾನಿ ಎಂಬ ಬಡ ಬಡಾವಣೆಯಲ್ಲಿ 1985ರಿಂದ ನೈರೋಬಿ ಮತ್ತು ಕೆನಡಾದ ಮನಿಟೋಬ ವಿಶ್ವವಿದ್ಯಾಲಯಗಳು ಲೈಂಗಿಕ ವೃತ್ತಿಯ ಹೆಂಗಸರ ಆರೋಗ್ಯವನ್ನು ಗಮನಿಸುತ್ತ ಬಂದಿವೆ. ದಾದಿಯಾಗಿ ಸೇವೆ ಆರಂಭಿಸಿ ಪ್ರಾಧ್ಯಾಪಕಿಯಾದ ಎಲಿಜಬೆತ್ ಎನ್ಗೂಗಿ ಮತ್ತು ಕೆನಡಾದ ಫ್ರಾಂಕ್ ಪ್ಲಮ್ಮರ್ ಈ ಕೆಲಸಕ್ಕೆ ಆಧಾರಸ್ತಂಭಗಳು. ಮುಂದೆ ಅದೇ ಮನಿಟೋಬದವರು ಬಾಗಲಕೋಟೆ ಜಿಲ್ಲೆಯಲ್ಲಿ ಗ್ರಾಮಮಟ್ಟದ ಯೋಜನೆ ನಡೆಸಿದರು. 2003ರಲ್ಲಿ ಕರ್ನಾಟಕ ಆರೋಗ್ಯ ಸಂವರ್ಧನಾ ಟ್ರಸ್ಟ್ ಹುಟ್ಟಿದ್ದೂ ಅವರ ಸಹಯೋಗದಿಂದಲೇ. ಪುಮ್ವಾನಿಯಲ್ಲಿ ಅವರು ಕಂಡದ್ದು ಇದು: ಸುತ್ತಲಿನವರಿಗೆಲ್ಲ ಸೋಂಕು ತಗುಲುತ್ತಿದ್ದರೂ ಕೆಲವು ಹೆಂಗಸರಿಗೆ ವರ್ಷಗಟ್ಟಲೆ ತಗುಲಲೇ ಇಲ್ಲ. ಅವರ ಗರ್ಭಕೊರಳಿನಲ್ಲಿ ಎಚ್.ಐ.ವಿ.ಯನ್ನು ಗುರುತಿಸಬಲ್ಲ ಮಾರಕ ಕಣಗಳು ದೊರೆತವು. ಆದರೆ ಅಲ್ಲಿ ಒಟ್ಟಾರೆ ಗದ್ದಲ ಕಡಿಮೆ. ಉರಿಯೂತ ಅಡಗಿಸುವ ಎಲಾಫಿನ್ ಎಂಬ ಪ್ರೋಟೀನು ಹೆಚ್ಚು. ಹಾಸ್ ಅವರು ಮಂಗಗಳಲ್ಲಿ ಕೃತಕವಾಗಿ ಮಾಡಿ ತೋರಿಸಿದ್ದನ್ನು ಈ ಹೆಂಗಸರ ದೇಹ ಸಹಜವಾಗಿ ಮಾಡುತ್ತಿತ್ತೆನ್ನಬಹುದು. ಇನ್ನೂ ವಿಚಿತ್ರವೆಂದರೆ, ಇವರಲ್ಲಿ ಕೆಲವರು ವೃತ್ತಿಗೆ ಸ್ವಲ್ಪ ಕಾಲ ಬಿಡುವು ಕೊಟ್ಟು ಮರಳಿದ ಮೇಲೆ ಸೋಂಕಿಗೆ ಒಳಗಾದರು. ಪ್ಲಮ್ಮರ್ ಅವರು 2020ರಲ್ಲಿ ನೈರೋಬಿಯಲ್ಲೇ ತೀರಿಕೊಂಡರು.

ಇವೆಲ್ಲದರ ನಡುವೆ ರೋಗದ ವ್ಯಾಖ್ಯೆಯೇ ಹೆಂಗಸರನ್ನು ಹೊರಗಿಟ್ಟಿತ್ತೆಂಬುದನ್ನೂ ಹೇಳಲೇಬೇಕು. ಗರ್ಭಕೊರಳಿನ ಕ್ಯಾನ್ಸರನ್ನು ಏಡ್ಸಿನ ಲಕ್ಷಣಗಳ ಪಟ್ಟಿಗೆ ಅಮೆರಿಕದವರು ಸೇರಿಸಿದ್ದು 1993ರಲ್ಲಿ. ಅದುವರೆಗೆ ಪಟ್ಟಿ ಬಹುಮಟ್ಟಿಗೆ ಗಂಡಸರ ಕಾಯಿಲೆಗಳನ್ನು ನೋಡಿ ಮಾಡಿದ್ದು. ಪಟ್ಟಿಯಲ್ಲಿಲ್ಲದ ಕಾಯಿಲೆಯವಳಿಗೆ ಸರ್ಕಾರಿ ನೆರವೂ ಇಲ್ಲ. ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನಮಗೆ, ಒಂದು ಕಲಂ ಇಲ್ಲದ್ದರಿಂದ ಒಬ್ಬ ಮನುಷ್ಯ ಹೇಗೆ ಇಲ್ಲವಾಗಿಬಿಡುತ್ತಾನೆಂದು ಯಾರೂ ವಿವರಿಸಬೇಕಾಗಿಲ್ಲ.

2010ರಲ್ಲಿ ಮೊದಲ ಬೆಳಕು ಕಂಡಿತು. ದಕ್ಷಿಣ ಆಫ್ರಿಕದ ಭಾರತೀಯ ಮೂಲದ ದಂಪತಿಗಳಾದ ಕ್ವರೈಷಾ ಮತ್ತು ಸಲೀಂ ಅಬ್ದುಲ್ ಕರೀಂ ಅವರು ಕ್ವಾಜುಲು-ನಟಾಲ್ ಪ್ರಾಂತದ 889 ಹೆಂಗಸರಲ್ಲಿ ಟೆನೋಫೊವಿರ್ ಔಷಧಿಯ ಜೆಲ್ಲನ್ನು ಪರೀಕ್ಷಿಸಿ ಸೋಂಕು ನೂರಕ್ಕೆ 39ರಷ್ಟು ತಗ್ಗಿತೆಂದು ಪ್ರಕಟಿಸಿದರು. ಆ ಔಷಧಿ ಜೀವಕೋಶದ ಒಳಗೆ ಹೋಗಿ ವೈರಾಣುವಿನ ನಕಲು ಕೆಲಸವನ್ನು ನಿಲ್ಲಿಸುವಂಥದು. ಮುಂದಿನ ಪ್ರಯೋಗಗಳಲ್ಲಿ ಈ ಫಲ ಸಿಗಲಿಲ್ಲ. ಏಕೆಂದು ಹುಡುಕುತ್ತ ಹೋದವರಿಗೆ ಮತ್ತೆ ಎದುರಾದದ್ದು ಹಳೆಯ ಸಂಗತಿಗಳೇ. ಮೊದಲಿನಿಂದಲೇ ಉರಿಯೂತವಿದ್ದ ಹೆಂಗಸರಿಗೆ ಸೋಂಕು ಹೆಚ್ಚಾಗಿ ತಗುಲಿತ್ತು. 2017ರಲ್ಲಿ ತಿಳಿದ ಇನ್ನೊಂದು ವಿಷಯವೆಂದರೆ, ಡೋಡರ್ಲೈನರ ಹುಳಿಯ ಬ್ಯಾಕ್ಟೀರಿಯಾ ತುಂಬಿದ್ದವರಲ್ಲಿ ಜೆಲ್ಲಿನ ರಕ್ಷಣೆ ನೂರಕ್ಕೆ 61, ಅವು ಕಡಿಮೆಯಿದ್ದವರಲ್ಲಿ 18 ಮಾತ್ರ. ಗಾರ್ಡ್ನೆರೆಲ್ಲಾ ಎಂಬ ಬೇರೆ ಬ್ಯಾಕ್ಟೀರಿಯಾ ಔಷಧಿಯನ್ನೇ ತಿಂದುಹಾಕುತ್ತಿತ್ತು. ನೂರಿಪ್ಪತ್ತೈದು ವರ್ಷದ ಹಿಂದಿನ ಜರ್ಮನ್ ವೈದ್ಯನ ಮಾತಿಗೆ ಹೊಸ ಅರ್ಥ ಬಂದಂತಾಯಿತು. ಹಾಗೆಂದು ಯಾರೂ ಸಾಬೂನು, ಡೆಟಾಲ್ ಹಾಕಿ ಒಳಗೆ ತೊಳೆಯಬಾರದು. ಈ ಒಳ್ಳೆಯ ಬ್ಯಾಕ್ಟೀರಿಯಾ ಕೊಚ್ಚಿಹೋಗುತ್ತವೆ. ಬಿಳಿಸೆರಗು, ತುರಿಕೆ ಇದ್ದರೆ ಡಾಕ್ಟರಿಗೆ ತೋರಿಸುವುದೇ ಸರಿ.

ಡ್ಯಾಪಿವಿರಿನ್ ಔಷಧಿ ತುಂಬಿದ ಉಂಗುರವೊಂದು ಆಫ್ರಿಕದ ಎರಡು ಪ್ರಯೋಗಗಳಲ್ಲಿ ಸೋಂಕನ್ನು ನೂರಕ್ಕೆ ಮೂವತ್ತರ ಆಸುಪಾಸು ತಗ್ಗಿಸಿದ್ದು 2016ರಲ್ಲಿ ಪ್ರಕಟವಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಹೆಂಗಸು ತಾನೇ ಇಟ್ಟುಕೊಂಡು ತಾನೇ ತೆಗೆಯಬಹುದಾದ ಸಾಧನ, ಒಂದು ತಿಂಗಳು ಇರುತ್ತದೆ. ನಂತರ 2024ರಲ್ಲಿ ಬಂದ ಸುದ್ದಿ ಇದೆಲ್ಲವನ್ನೂ ಮೀರಿಸಿತು. ಲೆನಕಾಪವಿರ್ ಎಂಬ ಔಷಧಿಯನ್ನು ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಚುಚ್ಚಿಸಿಕೊಂಡ ದಕ್ಷಿಣ ಆಫ್ರಿಕ ಮತ್ತು ಉಗಾಂಡದ 2134 ತರುಣಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ಔಷಧಿ ರಕ್ತದ ಮೂಲಕ ಬರುವುದರಿಂದ ಗೋಡೆಯ ಹೊರಗಿನ ಬ್ಯಾಕ್ಟೀರಿಯಾಗಳ ಕೈಗೆ ಮೊದಲೇ ಸಿಕ್ಕಿಬೀಳುವ ಭಯವಿಲ್ಲ. ಕಾವಲಿನ ಕಣಗಳು ಕೂಗು ಕೇಳಿ ಕಿಂಡಿಯ ಬಳಿ ಓಡಿಬಂದರೂ, ಅವುಗಳೊಳಗೆ ಔಷಧಿ ಮೊದಲೇ ಕುಳಿತಿರುತ್ತದೆ. ಅಮೆರಿಕದಲ್ಲಿ 2025ರ ಜೂನ್ ತಿಂಗಳಲ್ಲಿ ಇದಕ್ಕೆ ಅನುಮತಿ ದೊರೆಯಿತು. ಬಡ ದೇಶಗಳಿಗಾಗಿ ಇದನ್ನು ಅಗ್ಗವಾಗಿ ತಯಾರಿಸಲು 2024ರ ಅಕ್ಟೋಬರಿನಲ್ಲಿ ಪರವಾನಗಿ ಪಡೆದ ಆರು ಕಂಪನಿಗಳಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೋ ಇವೆ, ನಮ್ಮ ಪುಣೆಯ ಎಮ್‌ಕ್ಯೂರ್ ಕೂಡ ಇದೆ.